ಕೆರೆಯ ಅಲೆ, ಗುಡಿಯ ಘಂಟೆ

ಗುರುತ್ವತರಂಗವೆಂದರೇನೆಂಬುದನ್ನು ಕನ್ನಡದಲ್ಲಿ ವಿವರಿಸಹೊರಟವರು ಸಾಮಾನ್ಯವಾಗಿ ಕೆರೆಯ ದಂಡೆಗೆ ಹೋಗಿ ನಿಲ್ಲುವರು. ಕಲ್ಲು ಬಿದ್ದಿತು, ಅಲೆಯೆದ್ದಿತು, ದಡ ಮುಟ್ಟಿತು. ಹೆಸರಿನಲ್ಲಿಯೇ ಕೆರೆಯನ್ನಿಟ್ಟುಕೊಂಡಿರುವ ಹೊರಕೆರೆದೇವಪುರದಂಥ ಊರಿನ ವಾಚಕರಿಗೆ ಈ ಉಪಮೆ ಬೇಗನೆ ಒಗ್ಗುವುದು. ಆದರೆ ಒಗ್ಗಿದುದೆಲ್ಲ ಸಮರ್ಪಕವೆ? ಕೆರೆಯಲ್ಲಿ ನೀರು ಏರಿಳಿಯುವುದೇ ಹೊರತು ಕೆರೆಯಂಗಳ ಅಲುಗದು. ಇಲ್ಲಿಯಾದರೋ ಅಲುಗುವುದು ಅಂಗಳವೇ. ಎಲ್ಲಕ್ಕೂ ಎಡೆಗೊಟ್ಟಿರುವ ಅವಕಾಶವೇ ಒಂದು ದಿಕ್ಕಿಗೆ ಹಿಗ್ಗಿ, ಅದಕ್ಕೆ ಅಡ್ಡಲಾದ ದಿಕ್ಕಿಗೆ ಕುಗ್ಗುವುದು, ಮರುಕ್ಷಣ ತಿರುಗುಮುರುಗು. ಅಮೆರಿಕೆಯ ಲೈಗೋ ಯಂತ್ರಕ್ಕೆ ಒಂದಕ್ಕೊಂದು ಲಂಬವಾಗಿ 4 ಕಿಲೋಮೀಟರಿನ ಎರಡು ತೋಳುಗಳಿರುವುದು ಇದಕ್ಕಾಗಿಯೇ. ಒಂದೇ ಲೇಸರ್ ಕಿರಣವನ್ನು ಸೀಳಿ ಎರಡರಲ್ಲಿಯೂ ಓಡಿಸಿ, ಮರಳಿದ ಬೆಳಕುಗಳು ಹೊಂದುವುವೋ ತಪ್ಪುವುವೋ ಎಂದು ನೋಡುವರು. 2015ರಲ್ಲಿ ಕಂಡ ವ್ಯತ್ಯಾಸ ಪ್ರೋಟಾನಿನ ವ್ಯಾಸದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಕೆರೆಯ ಉಪಮೆಯನ್ನೇ ನಂಬಿದ ವಾಚಕನಿಗೆ ಆ ಎರಡನೆಯ ತೋಳು ಏತಕ್ಕೆಂಬುದೇ ಹೊಳೆಯದು.

ಘಂಟೆಯ ಉಪಮೆ ಇದಕ್ಕಿಂತ ಎಷ್ಟೋ ಮೇಲು. ಅದರ ಬೆನ್ನಿಗೆ ಕನ್ನಡಿಗರೊಬ್ಬರ ಗಣಿತವಿದೆ. ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಪುತ್ರರಾದ ಸಿ. ವಿ. ವಿಶ್ವೇಶ್ವರರು 1970ರಲ್ಲಿ ‘ನೇಚರ್’ ಪತ್ರಿಕೆಯ ಲೇಖನವೊಂದರಲ್ಲಿ, ಕೃಷ್ಣರಂಧ್ರದ ಮೇಲೆ ಗುರುತ್ವದ ಅಲೆಯೊಂದನ್ನು ಲೆಕ್ಕದಲ್ಲಿಯೇ ಹಾಯಿಸಿ, ಮರಳಿ ಬರುವುದು ಬರಬರುತ್ತ ಕ್ಷೀಣಿಸುವ ಕಂಪನವೆಂದು ತೋರಿಸಿದರು. ತಿರುಗದ ಕೃಷ್ಣರಂಧ್ರವಾದರೆ ಕಂಪನದ ಶ್ರುತಿಯೂ ಅದು ಅಡಗುವ ವೇಗವೂ ದ್ರವ್ಯರಾಶಿಯೊಂದನ್ನೇ ಅವಲಂಬಿಸುವುವು. ಗುಡಿಯ ಘಂಟೆಯೂ ಹಾಗೆಯೇ: ಮಗು ಬಾರಿಸಲಿ, ಅರ್ಚಕರು ಬಾರಿಸಲಿ, ಸದ್ದು ಹೆಚ್ಚುಕಡಿಮೆಯಾದೀತು, ಶ್ರುತಿ ಮಾತ್ರ ಘಂಟೆಯದೇ. ಉಪಮೆ ಇಲ್ಲಿ ಒಡವೆಯಾಗಿ ನಿಲ್ಲದೆ ಅರ್ಥವನ್ನೇ ಹೊರುವುದು.

2015ರ ಸೆಪ್ಟೆಂಬರ್ 14ರಂದು ಲೈಗೋ ಹಿಡಿದ ಮೊದಲ ಅಲೆ, ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ಕೃಷ್ಣರಂಧ್ರಗಳು ಕೂಡಿದುದರ ಫಲ. ಸೂರ್ಯನ ಸುಮಾರು 62ರಷ್ಟು ದ್ರವ್ಯರಾಶಿಯ ಹೊಸ ಕೃಷ್ಣರಂಧ್ರ ಸೆಕೆಂಡಿಗೆ ಸುಮಾರು 250 ಸಲ ಕಂಪಿಸಿ ಶಾಂತವಾಯಿತು. ಈ ವಾರ್ತೆ 2016ರ ಫೆಬ್ರವರಿಯಲ್ಲಿ ಹೊರಬಿದ್ದಾಗ ವಿಶ್ವೇಶ್ವರರು ಇದ್ದರು. ಮರುವರ್ಷದ ಜನವರಿಯಲ್ಲಿ ತೀರಿಕೊಂಡರು.

ಈ ಉಪಮೆಯೂ ನಿರ್ದೋಷವಲ್ಲ. ಕಂಚಿನ ಘಂಟೆಯ ಅನುರಣನ ಬಹಳ ಹೊತ್ತು ಉಳಿಯುವುದು; ಕೃಷ್ಣರಂಧ್ರದ್ದು ಕೆಲವು ಮಿಲಿಸೆಕೆಂಡುಗಳಲ್ಲಿಯೇ ಅಡಗುವುದು. ಬಿರುಕುಬಿಟ್ಟ ಘಂಟೆಯೆಂದರೆ ಹೆಚ್ಚು ಸರಿಯಾದೀತು, ಹಾಗೆಂದು ಬರೆಯಲು ಯಾರಿಗೂ ಮನಸ್ಸಾಗದಷ್ಟೆ. ‘ನಾದ ಕೇಳಿಸಿತು’ ಎಂಬ ಮಾತೂ ಅರ್ಧ ಮಾತ್ರ ಕ್ಷಮ್ಯ: ಅದು ಶಬ್ದವಲ್ಲ, ಅದರ ಸಂಖ್ಯೆ ಕಿವಿಯ ಅಳವಿಗೆ ಸಿಕ್ಕಿತೆಂಬುದು ಆಕಸ್ಮಿಕ. ಯೂರೋಪಿನ ಬಾಹ್ಯಾಕಾಶ ಸಂಸ್ಥೆ 2024ರಲ್ಲಿ ಅಂಗೀಕರಿಸಿದ ಲೀಸಾ ಯೋಜನೆಯ ಮೂರು ನೌಕೆಗಳು ಪರಸ್ಪರ 25 ಲಕ್ಷ ಕಿಲೋಮೀಟರ್ ದೂರದಲ್ಲಿದ್ದು, ಒಂದೊಂದು ತೂಗಿಗೆ ನಿಮಿಷಗಳು, ಗಂಟೆಗಳೇ ಹಿಡಿಯುವ ಅಲೆಗಳನ್ನು ಹುಡುಕಬೇಕಾಗಿದೆ. ಅಲ್ಲಿ ‘ಆಲಿಸು’ ಎಂಬ ಕ್ರಿಯಾಪದವನ್ನು ಬಿಟ್ಟು ‘ಅಳೆ’ ಎಂಬುದನ್ನೇ ಬರೆಯಬೇಕಾದೀತು.