ತಟ್ಟೆಯ ಕೊನೆಯ ಮಾತು: ಗೌಹರ್ ಜಾನ್ ಧ್ವನಿಮುದ್ರಿಕೆಗಳನ್ನು ಕುರಿತು

ಗೌಹರ್ ಜಾನ್ ತಮ್ಮ ಗ್ರಾಮಫೋನ್ ತಟ್ಟೆಗಳಲ್ಲಿ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ಹೆಸರು ಹೇಳಿಕೊಳ್ಳುವುದನ್ನು ಕಲಾವಿದೆಯ ಆತ್ಮಾಭಿಮಾನದ ಉದ್ಗಾರವೆಂದು ವ್ಯಾಖ್ಯಾನಿಸುವುದು ರೂಢಿಯಾಗಿದೆ. ಇದನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಮುದ್ರಿಸಿಕೊಂಡ ಮೂಲಫಲಕಗಳು ತಟ್ಟೆಗಳಾಗಲು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಾಗಿತ್ತು. ಅಲ್ಲಿಯ ಕೆಲಸಗಾರರಿಗೆ ನಮ್ಮ ಭಾಷೆಗಳಾಗಲಿ ಗಾಯಕರಾಗಲಿ ಪರಿಚಿತರಲ್ಲ. ಯಾವ ಫಲಕ ಯಾರದೆಂದು ಗುರುತಿಸಲು ಹಾಡಿದವರೇ ಹೆಸರು ಹೇಳುವ ಕ್ರಮವಿತ್ತು. ಹೀಗಾಗಿ ಅದು ಮೊದಲಿಗೆ ವಿಳಾಸದ ಚೀಟಿ. ಆಂಜೆಲಿನಾ ಯೋವರ್ಡ್ ಆಗಿ 1873ರಲ್ಲಿ ಹುಟ್ಟಿ, ತಾಯಿಯೊಡನೆ ಮತವನ್ನೂ ಹೆಸರನ್ನೂ ಬದಲಿಸಿಕೊಂಡ ಆಕೆ ಆ ಚೀಟಿಯನ್ನು ಓದಿದ ಬಗೆಯಲ್ಲಿ ಅಭಿಮಾನವೂ ಕೇಳಿಸುತ್ತದೆ ಎಂಬುದು ಬೇರೆ ಮಾತು.

ಆಕೆಯನ್ನು ಆ ಯಾತ್ರೆಯ ಮೊದಲ ಕಂಠವೆನ್ನುವುದೂ ಸರಿಯಲ್ಲ. ಕೆಲವು ದಿನ ಮುಂಚೆ ರಂಗಭೂಮಿಯ ಶೋಶಿಮುಖಿ, ಫಣಿಬಾಲಾ ಹಾಡಿದ್ದರು. ಪ್ರಸಿದ್ಧರ ನೆರಳಿನಲ್ಲಿ ಇಂಥ ಹೆಸರುಗಳು ಬೇಗ ಮಾಸುತ್ತವೆ. ಮೈಕೆಲ್ ಕಿನ್ನಿಯರ್ 1994ರಲ್ಲಿ ಪ್ರಕಟಿಸಿದ ಮುದ್ರಿಕಾಸೂಚಿ ನಮಗೆ ಮುಖ್ಯವಾಗುವುದು ಇಲ್ಲಿಯೇ. ತಟ್ಟೆಯ ಮೇಲೆ ಕೊರೆದ ಸಂಖ್ಯೆಗಳು ಮುದ್ರಣದ ಅನುಕ್ರಮಕ್ಕೆ ಸಾಕ್ಷಿ. ಧ್ವನಿಯನ್ನಷ್ಟೇ ಪ್ರತಿಮಾಡಿಕೊಂಡು ಚೀಟಿಯನ್ನೂ ಸಂಖ್ಯೆಯನ್ನೂ ಕೈಬಿಡುವ ಸಂಗ್ರಹಕಾರರು ಹಾಡನ್ನು ಉಳಿಸಿ ಅದರ ಚರಿತ್ರೆಯನ್ನು ಕಳೆಯುತ್ತಾರೆ. ಕಿವಿಗೆ ಇಂಪಾಗಲೆಂದು ಆ ಕೊನೆಯ ಘೋಷಣೆಯನ್ನು ಕತ್ತರಿಸುವುದಂತೂ ಹಸ್ತಪ್ರತಿಯ ಪುಷ್ಪಿಕೆಯನ್ನು ಹರಿದೆಸೆದಂತೆ.

ವಿಮರ್ಶಕರು ಗಮನಿಸಬೇಕಾದ ಇನ್ನೊಂದು ಸಂಗತಿ ವೇಗ. ಆ ಕಾಲದ ತಟ್ಟೆಗಳೆಲ್ಲವೂ ನಿಮಿಷಕ್ಕೆ 78 ಸುತ್ತಿನವಲ್ಲ. ವೇಗ ತಪ್ಪಿದರೆ ಶ್ರುತಿಯೂ ಲಯವೂ ಒಟ್ಟಿಗೆ ತಪ್ಪುತ್ತವೆ. 1925ಕ್ಕೆ ಮೊದಲು ವಿದ್ಯುತ್ ಮೈಕ್ ಬಳಕೆಗೆ ಬಂದಿರಲಿಲ್ಲ. ಕಹಳೆಯೊಳಗೆ ಮುಖವಿಟ್ಟು ಎತ್ತರದ ದನಿಯಲ್ಲಿ, ಸುಮಾರು ಮೂರು ನಿಮಿಷದೊಳಗೆ ಹಾಡಿ ಮುಗಿಸಬೇಕಿತ್ತು. ಇದಿಷ್ಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಆಕೆಯ ಗಾಯನವನ್ನು ಕರ್ಕಶವೆಂದೋ ಅವಸರದ್ದೆಂದೋ ಹೇಳುವುದು ಯಂತ್ರದ ಗುಣದೋಷವನ್ನು ಗಾಯಕಿಗೆ ಆರೋಪಿಸಿದಂತಾಗುತ್ತದೆ.

ಕನ್ನಡದ ಅಭ್ಯಾಸಿಗಳಿಗೆ ಈ ಕಥೆಯ ಕೊನೆ ಹತ್ತಿರದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1928ರಲ್ಲಿ ಮೈಸೂರಿಗೆ ಬಂದ ಗೌಹರ್ ಜಾನ್ 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡರು. ಅರಮನೆಯ ಕಡತಗಳಲ್ಲಿ ಆಕೆಯ ಸುಳಿವು ಕಂಡದ್ದೇ ವಿಕ್ರಮ್ ಸಂಪತ್ 2010ರಲ್ಲಿ ಪ್ರಕಟಿಸಿದ ಜೀವನಚರಿತ್ರೆಗೆ ಪ್ರೇರಣೆ. ಮುಂದೆ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಗೀತ ಸಂಗ್ರಹಾಲಯವೂ ಆ ಶೋಧದಿಂದ ಬೆಳೆದದ್ದು. ಕಂಠ ಒಂದು ಕಡೆ, ಕಾಗದ ಇನ್ನೊಂದು ಕಡೆ ಉಳಿದಿತ್ತು. ದಫ್ತರ ಓದಲು ಹೋದವರಿಗೆ ಗಾಯಕಿ ಸಿಕ್ಕರು. ತಟ್ಟೆಗಳನ್ನು ಮಾತ್ರ ಕೇಳುತ್ತಿದ್ದವರಿಗೆ ಮೈಸೂರಿನ ಆ ಕೊನೆಯ ದಿನಗಳ ದಾರಿ ತಿಳಿಯುವಂತಿರಲಿಲ್ಲ.