ಲೆಕ್ಕ ಅವರದು, ತೀರ್ಪು ನಮ್ಮದು

ಸರಕಾರದ ಕೆಲಸವನ್ನು ಅಧ್ಯಯನ ಮಾಡುವ ಸಂಸ್ಥೆಯೊಂದನ್ನು ನಾವು ಯಾಕೆ ನಂಬಬೇಕು? ತಾನು ಪಕ್ಷಾತೀತ ಎಂದು ಅದು ಹೇಳಿಕೊಂಡರೆ ಸಾಲದು, ಹಾಗೆ ಹೇಳಿಕೊಳ್ಳದವರು ಯಾರೂ ಇಲ್ಲ. ಅದು ಕೊಡುವ ಲೆಕ್ಕವನ್ನು ಅದರ ವಿರೋಧಿಯೂ ಪರೀಕ್ಷಿಸಿ ನೋಡಲು ಸಾಧ್ಯವೇ ಎಂಬುದೇ ನಿಜವಾದ ಒರೆಗಲ್ಲು.

2005ರಲ್ಲಿ ದೆಹಲಿಯಲ್ಲಿ ಆರಂಭವಾದ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಸಂಸತ್ತಿಗೆ ಬರುವ ಮಸೂದೆಗಳನ್ನು ಸಂಸದರಿಗೂ ಸಾರ್ವಜನಿಕರಿಗೂ ಅರ್ಥವಾಗುವಂತೆ ವಿವರಿಸುವುದು ಅದರ ಕೆಲಸ. ಮಸೂದೆಯ ಸಾರಾಂಶ, ಈಗಿರುವ ಕಾನೂನಿನೊಂದಿಗೆ ಹೋಲಿಕೆ, ಸಂವಿಧಾನದ ದೃಷ್ಟಿಯಿಂದ ಏಳುವ ಪ್ರಶ್ನೆಗಳು ಅದರ ಟಿಪ್ಪಣಿಯಲ್ಲಿರುತ್ತವೆ. ಮಾಹಿತಿ ಎಲ್ಲಿಂದ ಬಂತೆಂಬುದೂ ಅಡಿಯಲ್ಲೇ ಇರುತ್ತದೆ. ಆದರೆ ಮಸೂದೆಯನ್ನು ಒಪ್ಪಿ ಅಥವಾ ತಿರಸ್ಕರಿಸಿ ಎಂಬ ಸಲಹೆ ಮಾತ್ರ ಇರುವುದಿಲ್ಲ.

2016ರ ಪೌರತ್ವ ತಿದ್ದುಪಡಿ ಮಸೂದೆ ಬಂದಾಗ, ಧರ್ಮದ ಆಧಾರದಲ್ಲಿ ವಲಸಿಗರನ್ನು ವಿಂಗಡಿಸುವುದು ಸಂವಿಧಾನದ 14ನೇ ವಿಧಿಗೆ ವಿರುದ್ಧವಾಗಬಹುದು ಎಂಬ ಅಂಶವನ್ನು ಈ ಸಂಸ್ಥೆ ಎತ್ತಿತ್ತು. 2019ರಲ್ಲಿ ಬೀದಿಗಿಳಿದವರಿಗೆ ಈ ಮಾತು ತೀರಾ ಸಪ್ಪೆ ಎನಿಸಬಹುದು. ಆದರೆ ಘೋಷಣೆಯನ್ನು ಘೋಷಣೆಯೆಂದು ತಳ್ಳಿಹಾಕಬಹುದು. ಇಂತಹ ಪ್ರಶ್ನೆಗೆ ಮಸೂದೆಯ ಸಮರ್ಥಕರೂ ಉತ್ತರ ಕೊಡಬೇಕಾಗುತ್ತದೆ.

ಅಳತೆಗೋಲು ಎಲ್ಲರಿಗೂ ಒಂದೇ ಎಂಬುದಕ್ಕೂ ನಿದರ್ಶನವಿದೆ. 15ನೇ ಲೋಕಸಭೆಯಲ್ಲಿ (2009-14) 71 ಶೇಕಡಾ ಮಸೂದೆಗಳು ಸಮಿತಿಗಳ ಪರಿಶೀಲನೆಗೆ ಹೋಗಿದ್ದವು. 17ನೇ ಲೋಕಸಭೆಯಲ್ಲಿ (2019-24) ಹೋದದ್ದು ಕೇವಲ 16 ಶೇಕಡಾ. ಇದು ಇಂದಿನ ಆಡಳಿತ ಪಕ್ಷಕ್ಕೆ ಕಹಿಯಾದ ಅಂಕಿ. ಆದರೆ ಗದ್ದಲದಿಂದಾಗಿ 15ನೇ ಲೋಕಸಭೆ ನಿಗದಿತ ಸಮಯದ 61 ಶೇಕಡಾ ಮಾತ್ರ ಕೆಲಸ ಮಾಡಿತೆಂದು ದಾಖಲಿಸಿದ್ದೂ ಇದೇ ಸಂಸ್ಥೆ. ತಮಗೆ ಬೇಕಾದ ಅಂಕಿಯನ್ನು ಮಾತ್ರ ಎತ್ತಿಕೊಳ್ಳುವವರು ನಾವೇ ಹೊರತು ಅವರಲ್ಲ.

ಇಷ್ಟಾಗಿಯೂ ನಮ್ಮ ತಕರಾರುಗಳಿವೆ. ಸಂಸದರ ಹಾಜರಾತಿ ಎಷ್ಟು, ಕೇಳಿದ ಪ್ರಶ್ನೆಗಳೆಷ್ಟು ಎಂಬ ಪಟ್ಟಿಯನ್ನು ಪತ್ರಿಕೆಗಳು ಪರೀಕ್ಷೆಯ ಅಂಕಪಟ್ಟಿಯಂತೆ ಪ್ರಕಟಿಸುತ್ತವೆ. ಪ್ರಶ್ನೆ ಯಾರಿಗಾಗಿ ಕೇಳಿದ್ದು ಎಂಬುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಎಣಿಸಲು ಸುಲಭವಾದದ್ದೇ ಮುಖ್ಯವಾದದ್ದು ಎಂಬ ಭ್ರಮೆ ಹೀಗೆ ಬೆಳೆಯುತ್ತದೆ.

ಎರಡನೆಯದು ಇನ್ನೂ ಗಂಭೀರ. 2020ರ ದಶಂಬರ 9ರಂದು ಕರ್ನಾಟಕ ವಿಧಾನಸಭೆಯಲ್ಲಿ ಜಾನುವಾರು ಹತ್ಯೆ ನಿಷೇಧದ ಮಸೂದೆ ಮಂಡನೆಯಾಗಿ, ಅದೇ ದಿನ ಗದ್ದಲದ ನಡುವೆ ಅಂಗೀಕಾರವಾಯಿತು. ಚರ್ಚೆ ನಡೆಯಲಿಲ್ಲ ಎಂಬುದನ್ನು ಇಂತಹ ಲೆಕ್ಕ ಹೇಳೀತು. ಆದರೆ ಮುದಿ ಎತ್ತು ಮಾರಲಾಗದ ರೈತನ ನಷ್ಟವೆಷ್ಟು, ಮಾಂಸದ ವ್ಯಾಪಾರಿ ಯಾವ ಕೂಲಿಗೆ ಹೋದ? ಇದನ್ನು ಸದನದ ಕಡತಗಳಲ್ಲಿ ಹುಡುಕಿದರೆ ಸಿಗದು. ಹಳ್ಳಿ ಹಳ್ಳಿ ತಿರುಗಿ ಕೇಳಬೇಕು. ನಮ್ಮ ವಿಶ್ವವಿದ್ಯಾನಿಲಯಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಡವೇ?

ಕೊನೆಯದಾಗಿ ಹಣದ ಮಾತು. ಪಿಆರ್‌ಎಸ್ ಹುಟ್ಟಿದ್ದು 1973ರಲ್ಲಿ ಸ್ಥಾಪನೆಯಾದ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನ ಮಡಿಲಲ್ಲಿ. ಆ ಹಿರಿಯ ಸಂಸ್ಥೆಯಲ್ಲಿ 2022ರ ಸೆಪ್ಟಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆಯ ಪರಿಶೀಲನೆ ನಡೆಯಿತು. 2024ರ ಜನವರಿಯಲ್ಲಿ ವಿದೇಶಿ ದೇಣಿಗೆ ಪಡೆಯುವ ಅದರ ಪರವಾನಿಗೆ ರದ್ದಾಯಿತು. ಆರೋಪಗಳ ಸತ್ಯಾಸತ್ಯತೆ ಏನೇ ಇರಲಿ, ಪಾಠವಂತೂ ಸ್ಪಷ್ಟ. ಸರಕಾರವನ್ನು ಅಳೆಯುವವರ ಉಳಿವು ಸರಕಾರದ ಒಂದು ಸಹಿಯ ಮೇಲೆ ನಿಂತಿದ್ದರೆ ಲೆಕ್ಕ ಬರೆಯುವ ಕೈ ನಡುಗದಿರದು. ಮಸೀದಿ, ಮಂದಿರ, ಶಾಲೆಗಳಿಗೆ ಧಾರಾಳವಾಗಿ ಕೊಡುವ ನಮ್ಮ ಸಮಾಜ ಪ್ರಾಮಾಣಿಕ ಅಧ್ಯಯನಕ್ಕೂ ಕೊಡಲು ಕಲಿಯಬೇಕು. ಯಾರು ಎಷ್ಟು ಕೊಟ್ಟರೆಂಬುದನ್ನು ಆ ಸಂಸ್ಥೆಗಳೂ ಬಹಿರಂಗಪಡಿಸಬೇಕು. ಅವರು ಸರಿಯಾದ ಲೆಕ್ಕ ಕೊಡಲಿ. ತೀರ್ಪು ಕೊಡುವ ಹೊಣೆ ಹೇಗೂ ನಮ್ಮ ಮೇಲಿದೆ.