ಲೆಕ್ಕವೂ ಸಾಕ್ಷಿಯೂ: ಗಾಳಿಬಂದೂಕಿನ ಆಟಿಕೆಯನ್ನು ಕುರಿತ ಗಣಿತಮಾದರಿಗಳ ಪರಿಶೀಲನೆ

ಬಿದಿರ ಪೆಟ್ಲು ನಮ್ಮ ಸೀಮೆಯವರಿಗೆ ಅಪರಿಚಿತವಾದ ವಸ್ತುವಲ್ಲ. ಗೆಣ್ಣಿಲ್ಲದ ಕೊಳವೆಯ ತುದಿಗೆ ನೆನೆದ ಕಾಗದದ ಉಂಡೆಯೊಂದನ್ನು ತಳ್ಳಿ, ಹಿಂದಿನಿಂದ ಇನ್ನೊಂದನ್ನು ಕಡ್ಡಿಯಿಂದ ನೂಕಿದರೆ, ನಡುವೆ ಸಿಕ್ಕಿದ ಗಾಳಿ ಅಡಕವಾಗಿ ಮುಂದಿನ ಉಂಡೆ ಸದ್ದಿನೊಡನೆ ಹಾರುತ್ತದೆ. ಉಂಡೆ ಸಡಿಲವಾದರೆ ಗಾಳಿ ಸೋರುವುದು, ತೀರ ಬಿಗಿಯಾದರೆ ಉಂಡೆ ಹೊರಡದು ಎಂಬುದನ್ನು ದಂಡಿಗನಹಳ್ಳಿಯ ಹುಡುಗರು ಯಾವ ಸೂತ್ರದ ನೆರವೂ ಇಲ್ಲದೆ ಬಲ್ಲರು. ಇಂದು ಅಂಗಡಿಗಳಲ್ಲಿ ದೊರೆಯುವ, ಸ್ಪಂಜಿನ ಗುಂಡನ್ನು ಹಾರಿಸುವ ಆಟಿಕೆ ಬಂದೂಕಿನ ತತ್ತ್ವವೂ ಇದೇ. ಅದರ ಗುಂಡಿನ ವೇಗವನ್ನು ಗಣಕಯಂತ್ರದಲ್ಲಿ ಮುಂಚಿತವಾಗಿ ಲೆಕ್ಕಹಾಕಿ, ಪ್ರಯೋಗದ ಅಂಕಿಗಳೊಡನೆ ತಾಳೆನೋಡುವ ಕ್ರಮ ಈಗ ಬಳಕೆಗೆ ಬಂದಿದೆ. ತಾಳೆಯಾದ ಮಾತ್ರದಿಂದ ಏನು ಸಿದ್ಧವಾಗುತ್ತದೆ ಎಂಬುದು ನಮ್ಮ ಪ್ರಶ್ನೆ. ಸಾಕ್ಷ್ಯವನ್ನು ತೂಗುವುದು ಇತಿಹಾಸಕಾರನ ಕೆಲಸವಾದುದರಿಂದ ಈ ಚರ್ಚೆ ನಮಗೆ ಹೊರಗಿನದಲ್ಲ.

ಈ ಪ್ರಶ್ನೆ ಹೊಸದೂ ಅಲ್ಲ. 1742ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸನು ತೋಪುವಿದ್ಯೆಯ ಹೊಸ ತತ್ತ್ವಗಳನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಈತನು ಮುಂದೆ ಈಸ್ಟ್ ಇಂಡಿಯಾ ಕಂಪೆನಿಯ ಎಂಜಿನಿಯರಾಗಿ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಮದ್ದು ಉರಿದಾಗ ಹುಟ್ಟುವ ಅನಿಲವು ಮದ್ದಿನ ಗಾತ್ರದ ಸುಮಾರು 244ರಷ್ಟೆಂದು ಆತನು ಬೇರೆಯೇ ಪ್ರಯೋಗದಿಂದ ಅಳೆದನು. ಕಾವಿನಿಂದ ಅದರ ಒತ್ತಡ ನಾಲ್ಕು ಪಟ್ಟಿಗೆ ಏರುವುದೆಂದು ಮತ್ತೊಂದು ಪ್ರಯೋಗದಿಂದ ಕಂಡುಕೊಂಡನು. ಹೀಗೆ ದೊರೆತ ಸುಮಾರು 1000 ವಾಯುಭಾರಗಳ ಒತ್ತಡವನ್ನು ಹಿಡಿದು ಗುಂಡಿನ ವೇಗವನ್ನು ಗುಣಿಸಿ, ಅದನ್ನು ತಾನೇ ರೂಪಿಸಿದ ಲೋಲಕದ ಅಳತೆಯೊಡನೆ ಹೋಲಿಸಿದನು. ಎರಡೂ ಚೆನ್ನಾಗಿ ಹೊಂದಿದುವು.

ಇಲ್ಲಿ ಮೆಚ್ಚತಕ್ಕ ಅಂಶವೊಂದಿದೆ, ಆಕ್ಷೇಪಿಸತಕ್ಕ ಅಂಶವೂ ಒಂದಿದೆ. ಲೆಕ್ಕಕ್ಕೆ ಬೇಕಾದ ಅಂಕಿಯನ್ನು ರಾಬಿನ್ಸನು ಲೋಲಕದಿಂದ ಎರವಲು ತರಲಿಲ್ಲ. ಆದ್ದರಿಂದ ಆತನ ಎರಡು ಸಾಕ್ಷಿಗಳು ಪರಸ್ಪರ ಸ್ವತಂತ್ರವಾದುವು. ಆದರೆ ಗುಂಡು ಕದಲುವ ಮುನ್ನವೇ ಮದ್ದೆಲ್ಲ ಉರಿಯುವುದೆಂದೂ, ಗುಂಡಿನ ಸುತ್ತಣ ಸಂದಿನಲ್ಲಿ ಅನಿಲ ಸೋರದೆಂದೂ ಆತನು ಭಾವಿಸಿದನು. ಅನಂತರ ಚಾರ್ಲ್ಸ್ ಹಟನ್ ಮೊದಲಾದವರು ಆ ಒತ್ತಡವು 1000ಕ್ಕಿಂತ ಬಹಳ ಹೆಚ್ಚೆಂದು ಕಂಡರು. ಒಂದು ತಪ್ಪು ಇನ್ನೊಂದು ತಪ್ಪನ್ನು ಸರಿದೂಗಿಸಿದಾಗಲೂ ಉತ್ತರ ಸರಿಬರಬಹುದೆಂಬುದಕ್ಕೆ ಇದು ನಿದರ್ಶನ.

ಇಂದಿನ ಮಾದರಿಗಳಲ್ಲಿ ಈ ಅಪಾಯ ಕಡಮೆಯಾಗಿಲ್ಲ. ಗಾಳಿಯನ್ನು ಅರ್ಧ ಗಾತ್ರಕ್ಕೆ ಅಡಕಿದಾಗ, ಕಾವು ಬದಲಾಗದಿದ್ದರೆ ಒತ್ತಡ 2 ಪಟ್ಟಾಗುತ್ತದೆ. ಕಾವು ಹೊರಹೋಗಲು ಅವಕಾಶವಿಲ್ಲದಷ್ಟು ಬೇಗನೆ ಅಡಕಿದರೆ ಸುಮಾರು 2.64 ಪಟ್ಟಾಗುತ್ತದೆ. ಲೆಕ್ಕದ ವೇಗ ಪ್ರಯೋಗದ ವೇಗಕ್ಕಿಂತ ಹೆಚ್ಚಾಯಿತೆನ್ನೋಣ. ಘರ್ಷಣೆಯನ್ನು ಏರಿಸಬಹುದು, ಸೋರಿಕೆಯನ್ನು ಸೇರಿಸಬಹುದು, ಗುಂಡಿನ ಹಿಂದೆ ವ್ಯರ್ಥವಾಗಿ ಉಳಿಯುವ ಜಾಗವನ್ನು ಹಿಗ್ಗಿಸಬಹುದು. ಮೂರರಲ್ಲಿ ಯಾವುದನ್ನು ಮಾಡಿದರೂ ಒಂದು ಅಂಕಿ ಕೂಡಿಬರುತ್ತದೆ. ಹೀಗೆ ತಿದ್ದಿದ ಮೇಲೆ ಅದೇ ಅಂಕಿಯನ್ನು ಪ್ರಮಾಣವೆಂದು ಮುಂದಿಡುವುದು, ಹೇಳಿಕೊಟ್ಟ ಸಾಕ್ಷಿಯನ್ನು ಕಟಕಟೆಗೆ ತಂದಂತೆ.

ದಂಡಿಗನಹಳ್ಳಿ ಹೋಬಳಿಯಿರುವ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ ಶ್ರವಣಬೆಳಗೊಳವಿದೆ. ಅಲ್ಲಿಯ 144 ಶಾಸನಗಳನ್ನು ರೈಸ್ ಅವರು 1889ರಲ್ಲಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು ಮರಳಿ ಕಲ್ಲುಗಳ ಬಳಿಗೇ ಹೋಗಿ, 1923ರ ಪರಿಷ್ಕೃತ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಪ್ರತಿಯನ್ನು ಪ್ರತಿಯೊಡನೆ ಹೋಲಿಸುತ್ತ ಕುಳಿತಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಮಾದರಿ ಕಟ್ಟುವವರೂ ಹೀಗೆಯೇ ಕಲ್ಲಿನ ಬಳಿಗೆ ಹೋಗಬೇಕು: ಗುಂಡನ್ನು ನಳಿಗೆಯಲ್ಲಿ ಎಳೆದು ಘರ್ಷಣೆಯನ್ನು ಬೇರೆಯಾಗಿ ಅಳೆಯಬೇಕು, ನಳಿಗೆಯ ಬಾಯಿ ಮುಚ್ಚಿ ಸೋರಿಕೆಯನ್ನು ಬೇರೆಯಾಗಿ ನೋಡಬೇಕು. ಬಳಿಕ, ತಿದ್ದುಪಡಿಗೆ ಬಳಸದ ಉದ್ದದ ನಳಿಗೆಗಳಲ್ಲಿ ವೇಗವೆಷ್ಟೆಂದು ಮೊದಲು ಬರೆದಿಟ್ಟು ಆಮೇಲೆ ಹಾರಿಸಬೇಕು. ನಳಿಗೆ ಒಂದು ಮಿತಿಯನ್ನು ಮೀರಿ ಉದ್ದವಾದರೆ ಒತ್ತಡ ಕುಗ್ಗಿ, ಘರ್ಷಣೆಯೇ ಮೇಲಾಗಿ ಗುಂಡು ನಿಧಾನವಾಗುತ್ತದೆ. ಆ ಮಿತಿಯನ್ನು ಸರಿಯಾಗಿ ಮುನ್ನುಡಿದ ಮಾದರಿಗೆ ಹೆಚ್ಚಿನ ಮನ್ನಣೆ ಸಲ್ಲಬೇಕು. ಅಳತೆಯ ಅನಿಶ್ಚಯವೆಷ್ಟೆಂಬುದನ್ನೂ ಜೊತೆಗೆ ಹೇಳಬೇಕು.

ಆಟಿಕೆಗೆ ಇಷ್ಟು ನಿಷ್ಠುರತೆ ಏತಕ್ಕೆಂದರೆ, ಆಡುವವರು ಮಕ್ಕಳು. 1 ಗ್ರಾಂ ತೂಕದ ಗುಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೋದರೆ ಅದರ ಚಲನಶಕ್ತಿ 0.2 ಜೌಲ್, ವೇಗದಲ್ಲಿ ನೂರಕ್ಕೆ 10ರಷ್ಟು ಹೆಚ್ಚಳವಾದರೆ ಶಕ್ತಿ ನೂರಕ್ಕೆ 21ರಷ್ಟು ಏರುತ್ತದೆ. ಭಾರತದಲ್ಲಿ 2021ರಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾಗಿದ್ದು, ಹಾರುವ ಗುಂಡುಗಳ ಶಕ್ತಿಗೂ ಮಿತಿಗಳಿವೆ. ಆ ಮಿತಿಯ ಅಂಚಿನಲ್ಲಿರುವ ಆಟಿಕೆಯನ್ನು ಕೂಡಿಬಂದ ಲೆಕ್ಕದ ಬಲದ ಮೇಲೆಯೇ ನಿರಪಾಯವೆಂದು ಬಗೆದರೆ, ಆ ತಪ್ಪಿನ ಫಲ ಮಗುವಿನ ಕಣ್ಣಿಗೆ ತಟ್ಟುತ್ತದೆ. ಆದಕಾರಣ ವಿದ್ಯಾರ್ಥಿಗಳು ಇಂಥ ವರದಿಯನ್ನು ಓದುವಾಗ ಲೆಕ್ಕ ಎಷ್ಟು ಹತ್ತಿರ ಬಂದಿತು ಎಂಬುದಕ್ಕಿಂತ ಮೊದಲು, ಈ ಅಂಕಿಯನ್ನು ಕಾಣುವ ಮುನ್ನ ಆ ಲೆಕ್ಕ ಬರೆಯಲ್ಪಟ್ಟಿತ್ತೇ ಎಂದು ವಿಚಾರಿಸಬೇಕೆಂದು ನಮ್ಮ ಅಭಿಪ್ರಾಯ.